ಹೊಸ ಊರು, ಹಳೆಯ ಲೆಕ್ಕ

2023ರ ಫೆಬ್ರವರಿ 6ರಂದು ಪ್ರಧಾನಮಂತ್ರಿಗಳು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿಗೆ ಬಂದಿದ್ದರು. ಆ ದಿನ ನಡೆದ ಕಾರ್ಯಗಳಲ್ಲಿ ಎರಡು ಮುಖ್ಯವಾದವು. ಒಂದು, 615 ಎಕರೆ ಜಾಗದಲ್ಲಿ ಎದ್ದ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆ. ಇನ್ನೊಂದು, ತುಮಕೂರು ಕೈಗಾರಿಕಾ ನಗರದ ಶಂಕುಸ್ಥಾಪನೆ. ಕಾರ್ಖಾನೆಯ ಹೆಲಿಕಾಪ್ಟರು ಹಾರಿದರೆ ನಾವೆಲ್ಲ ತಲೆಯೆತ್ತಿ ನೋಡುತ್ತೇವೆ. ಕೈಗಾರಿಕಾ ನಗರವನ್ನು ಸರಿಯಾಗಿ ನೋಡಬೇಕಾದರೆ ತಲೆಯೆತ್ತಿದರೆ ಸಾಲದು. ಲೆಕ್ಕದ ಪುಸ್ತಕದ ಮೇಲೆ ತಲೆ ಬಗ್ಗಿಸಬೇಕು. ಈ ಭಾಷಣದಲ್ಲಿ ನಿಮ್ಮನ್ನು ಕರೆಯುತ್ತಿರುವುದು ಆ ಕೆಲಸಕ್ಕೆ.

ಲೆಕ್ಕವೆಂದರೆ ಬೇಸರವೆನ್ನುವವರು ಬಹಳ. ನಾನೂ ಲೆಕ್ಕದ ಮೇಷ್ಟರಲ್ಲ, ಕನ್ನಡ ಪಾಠ ಹೇಳುವವನು. ಆದರೆ ಊರು ಕಟ್ಟುವುದು, ಅದಕ್ಕೆ ಹಣ ಹೊಂದಿಸುವುದು, ಕಟ್ಟಿದುದನ್ನು ಕಾಪಾಡುವುದು ನಮ್ಮ ನಾಡಿಗೆ ಹೊಸದಲ್ಲ. ಇದಕ್ಕೆ ಬೇಕಾದ ಮಾತುಗಳು ನಮ್ಮ ಶಾಸನಗಳಲ್ಲಿಯೇ ಉಂಟು. ಅವುಗಳಲ್ಲಿ ಒಂದೆರಡನ್ನು ಕೈದೀಪದಂತೆ ಹಿಡಿದುಕೊಂಡು ಈ ಹೊಸ ಊರಿನ ಲೆಕ್ಕವನ್ನು ನೋಡೋಣ.

ಮೊದಲು, ಈ ಊರು ಎಲ್ಲಿ, ಎಂಥದು? ತುಮಕೂರಿನಿಂದ ಸಿರಾ ಕಡೆಗೆ ಹೆದ್ದಾರಿಯಲ್ಲಿ ಹೋದರೆ ವಸಂತನರಸಾಪುರ ಸಿಕ್ಕುತ್ತದೆ. ಅಲ್ಲಿ ಕೈಗಾರಿಕಾ ಪ್ರದೇಶ ಮೊದಲಿನಿಂದಲೂ ಇದೆ. 2014ರಲ್ಲಿ ಅಲ್ಲಿಯೇ ಆಹಾರ ಸಂಸ್ಕರಣೆಯ ಫುಡ್ ಪಾರ್ಕ್ ಆರಂಭವಾಯಿತು. ಈಗ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ಒಂದು ಗಂಟಾಗಿ ಆ ಭಾಗದಲ್ಲಿ ದೊಡ್ಡ ನಗರವೊಂದನ್ನು ಕಟ್ಟುವ ಯೋಜನೆ. ಮೂರು ಹಂತಗಳಲ್ಲಿ ಒಟ್ಟು 8,484 ಎಕರೆ. ಮೊದಲ ಹಂತಕ್ಕೆ 1,736 ಎಕರೆ. ಇಲ್ಲಿ ಬರಿಯ ಕಾರ್ಖಾನೆಗಳಷ್ಟೇ ಅಲ್ಲ. ದುಡಿಯುವವರಿಗೆ ಮನೆ, ಅಂಗಡಿ ಸಾಲು, ತೆರಪು ಬಯಲು, ಇವೂ ಸೇರಿ ಒಂದೇ ಕಡೆ ಇರಬೇಕು, ಮನೆಯಿಂದ ನಡೆದೇ ಕೆಲಸಕ್ಕೆ ಹೋಗುವಂತಿರಬೇಕು ಎಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ.

ಇದಕ್ಕೆ ತಗಲುವ ಹಣವೆಷ್ಟು? 2020ರ ಡಿಸೆಂಬರ್ 30ರಂದು ಕೇಂದ್ರ ಸಚಿವ ಸಂಪುಟದ ಆರ್ಥಿಕ ಸಮಿತಿ ಒಪ್ಪಿಗೆ ಕೊಟ್ಟಾಗ ತುಮಕೂರಿನ ಅಂದಾಜು ವೆಚ್ಚವನ್ನು 1,701 ಕೋಟಿ 81 ಲಕ್ಷ ರೂಪಾಯಿ ಎಂದು ಪ್ರಕಟಿಸಿತು. ಅದೇ ದಿನ ಆಂಧ್ರದ ಕೃಷ್ಣಪಟ್ಟಣದ ಯೋಜನೆಗೂ ಉತ್ತರ ಪ್ರದೇಶದ ಗ್ರೇಟರ್ ನೋಯ್ಡಾದ ಯೋಜನೆಗೂ ಒಪ್ಪಿಗೆ ಸಿಕ್ಕಿತು. ಈ ಹಣದಿಂದ ಸರ್ಕಾರ ಕಾರ್ಖಾನೆ ಕಟ್ಟುವುದಿಲ್ಲ. ಕಾರ್ಖಾನೆ ಕಟ್ಟುವವರು ಬರುವಂತೆ ರಸ್ತೆ, ಚರಂಡಿ, ನೀರಿನ ಕೊಳವೆ, ವಿದ್ಯುತ್ತಿನ ಉಪಕೇಂದ್ರ, ಕೊಳಚೆ ನೀರನ್ನು ಶುದ್ಧಿ ಮಾಡುವ ಘಟಕ ಇವನ್ನು ಅಣಿಮಾಡುತ್ತದೆ. ಮದುವೆಯ ಮನೆಯವರು ಚಪ್ಪರ ಹಾಕಿ, ಎಲೆ ಹಾಕಿ, ನೀರಿಟ್ಟು, ಆಮೇಲೆ ನೆಂಟರ ದಾರಿ ನೋಡುವಂತೆ. ನೆಂಟರು ಬಂದರೆ ಸಂಭ್ರಮ. ಬರುವುದು ತಡವಾದರೂ ಚಪ್ಪರದ ಖರ್ಚು ನಿಲ್ಲುವುದಿಲ್ಲ.

ಇನ್ನು, ಈ ಹಣ ಯಾರದು? ಇಂಥ ನಗರಗಳಿಗೆ ಒಂದು ಪ್ರತ್ಯೇಕ ಕಂಪನಿಯನ್ನು ಹುಟ್ಟಿಸುವುದು ಈಗಿನ ಪದ್ಧತಿ. ತುಮಕೂರಿಗೂ ಅಂಥದೊಂದು ಕಂಪನಿ ಉಂಟು. ಅದರಲ್ಲಿ ಒಂದು ಕಡೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಕೈಗಾರಿಕಾ ಕಾರಿಡಾರ್ ಟ್ರಸ್ಟು, ಇನ್ನೊಂದು ಕಡೆ ನಮ್ಮ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ರಾಜ್ಯ ತನ್ನ ಪಾಲಿಗೆ ಭೂಮಿಯನ್ನು ಹಾಕುತ್ತದೆ. ಟ್ರಸ್ಟು ತನ್ನ ಪಾಲಿಗೆ ನಗದನ್ನು ಹಾಕುತ್ತದೆ. ಅಣ್ಣ ಹೊಲ ಕೊಟ್ಟ, ತಮ್ಮ ದುಡ್ಡು ಕೊಟ್ಟ, ಇಬ್ಬರೂ ಸೇರಿ ಅಂಗಡಿ ಹಾಕಿದರು ಎನ್ನುವುದಿಲ್ಲವೆ, ಹಾಗೆ. ಅಣ್ಣನ ಹೊಲವೂ ನಮ್ಮದೇ, ತಮ್ಮನ ದುಡ್ಡೂ ನಮ್ಮದೇ. ಏಕೆಂದರೆ ದುಡ್ಡು ಬಂದುದು ತೆರಿಗೆಯಿಂದ. ಹೊಲ ಬಂದುದು ರೈತನಿಂದ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮಂಡಳಿ ಭೂಮಿ ಪಡೆಯುವುದು 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ ಪ್ರಕಾರ. ಅದರ 28ನೆಯ ಪ್ರಕರಣದಲ್ಲಿ ಮೊದಲ ಉಪಪ್ರಕರಣದಂತೆ ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ಆಕ್ಷೇಪಣೆಗಳನ್ನು ಕೇಳಿದ ಮೇಲೆ ನಾಲ್ಕನೆಯ ಉಪಪ್ರಕರಣದಂತೆ ಅಂತಿಮ ಅಧಿಸೂಚನೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ‘ಇಪ್ಪತ್ತೆಂಟು ಒಂದು ಆಗಿದೆ, ಇಪ್ಪತ್ತೆಂಟು ನಾಲ್ಕು ಆಗಿಲ್ಲ’ ಎಂದು ಜಗಲಿಯ ಮೇಲೆ ಕುಳಿತವರು ಮಾತನಾಡಿಕೊಳ್ಳುವುದುಂಟು. ಅಂತಿಮ ಅಧಿಸೂಚನೆಯಾದ ಮೇಲೆ ಭೂಮಿ ಸರ್ಕಾರದ್ದು, ರೈತನಿಗೆ ಪರಿಹಾರ. ಆ ಪರಿಹಾರ ಹೊಲವಾಗಿದ್ದ ನೆಲಕ್ಕೆ ಕೊಟ್ಟ ಬೆಲೆ. ಅದೇ ನೆಲದ ಮೇಲೆ ರಸ್ತೆ ಬಂದು, ನೀರು ಬಂದು, ವಿದ್ಯುತ್ತು ಬಂದ ಮೇಲೆ ಅದರ ಬೆಲೆ ಬೇರೆ. ಈ ಎರಡು ಬೆಲೆಗಳ ನಡುವಿನ ಏರಿಕೆ ಯಾರಿಗೆ ಸೇರಬೇಕು? ಹೊಸ ಊರಿನ ಹಣಕಾಸಿನ ಗುಟ್ಟೆಲ್ಲ ಈ ಒಂದು ಪ್ರಶ್ನೆಯಲ್ಲಿದೆ.

ಈ ಏರಿಕೆ ಆಕಾಶದಿಂದ ಬಿದ್ದುದಲ್ಲ. ಸಾರ್ವಜನಿಕರ ಹಣ ಸುರಿದುದರಿಂದ ಬಂದುದು. ಆದ್ದರಿಂದ ಆ ಏರಿಕೆಯಿಂದಲೇ ಖರ್ಚು ತೀರಬೇಕು, ಅದರಿಂದಲೇ ಊರು ಮುಂದೆ ಬಾಳಬೇಕು ಎಂಬುದು ನ್ಯಾಯ. ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಮೊದಲ ಹಂತದ 1,701 ಕೋಟಿ 81 ಲಕ್ಷವನ್ನು 1,736 ಎಕರೆಗೆ ಹಂಚಿದರೆ ಎಕರೆಗೆ ಸುಮಾರು 98 ಲಕ್ಷ ಬೀಳುತ್ತದೆ. ಆದರೆ ಎಲ್ಲ ಎಕರೆಗಳನ್ನೂ ಕೊಡಲು ಬರುವುದಿಲ್ಲ. ರಸ್ತೆ, ಉದ್ಯಾನ, ಚರಂಡಿ, ಕೆರೆ ಇವಕ್ಕೆ ಜಾಗ ಬೇಕು. ನೂರರಲ್ಲಿ 60 ಎಕರೆ ಹಂಚಲು ಸಿಕ್ಕಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಆಗ ಆ 60 ಎಕರೆಗಳೇ ನೂರು ಎಕರೆಯ ಭಾರವನ್ನು ಹೊರಬೇಕು. ಹಾಕಿದ ಹಣ ಹಿಂತಿರುಗಲು ಎಕರೆಗೆ 1 ಕೋಟಿ 63 ಲಕ್ಷ ಬರಬೇಕಾಗುತ್ತದೆ. ಇದು ಬಡ್ಡಿಯನ್ನು ಸೇರಿಸದ ಲೆಕ್ಕ. ಹಣಕ್ಕೆ ಸೇಕಡಾ 10ರಂತೆ ಚಕ್ರಬಡ್ಡಿ ಕಟ್ಟಿದರೆ ಏಳೂಕಾಲು ವರ್ಷದಲ್ಲಿ ಅದು ಎರಡರಷ್ಟಾಗುತ್ತದೆಂದು ನಿಮ್ಮ ಮನೆಯ ಎಂಟನೆಯ ತರಗತಿಯ ಹುಡುಗ ಹೇಳುತ್ತಾನೆ. ‘ಷೇರು ಹಣಕ್ಕೆ ಬಡ್ಡಿಯೆಲ್ಲಿ?’ ಎಂದು ಕೇಳಬಹುದು. ಬ್ಯಾಂಕು ಕೇಳದಿರಬಹುದು. ಆದರೆ ಆ ಹಣದಲ್ಲಿ ಅಷ್ಟು ವರ್ಷ ಶಾಲೆ ಕಟ್ಟಬಹುದಾಗಿತ್ತು, ಆಸ್ಪತ್ರೆ ನಡೆಸಬಹುದಾಗಿತ್ತು. ಕಾಯುವುದೂ ಒಂದು ಬೆಲೆಯೇ.

ಇಲ್ಲಿ ಒಂದು ಇಕ್ಕಟ್ಟು. ಬೆಲೆ ಹೆಚ್ಚಾಗಿಟ್ಟರೆ ಕಾರ್ಖಾನೆಯವರು ಪಕ್ಕದ ರಾಜ್ಯಕ್ಕೆ ಹೋದಾರೆಂಬ ಭಯ. ಕಡಿಮೆಯಿಟ್ಟರೆ ಏರಿಕೆಯ ಲಾಭ ಕೊಂಡವನ ಜೇಬಿಗೆ ಹೋಗಿ, ನಷ್ಟ ನಮ್ಮ ತಲೆಗೆ. ಕೆಲಸ ಸಿಗುತ್ತದೆ, ವ್ಯಾಪಾರ ಬೆಳೆಯುತ್ತದೆ, ಆದುದರಿಂದ ಸ್ವಲ್ಪ ಕಡಿಮೆಗೆ ಕೊಟ್ಟರೂ ತಪ್ಪಿಲ್ಲ ಎಂಬ ವಾದವುಂಟು. ಆ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕಡಿಮೆಗೆ ಕೊಟ್ಟದ್ದು ಎಷ್ಟು, ಅದಕ್ಕೆ ಪ್ರತಿಯಾಗಿ ಬಂದ ಕೆಲಸಗಳು ಎಷ್ಟು ಎಂಬುದನ್ನು ಎದುರುಬದುರು ಬರೆದಿಡಬೇಕು. ಬರೆಯದ ದಾನಕ್ಕೂ ಕಳೆದುಹೋದ ಹಣಕ್ಕೂ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ.

ಸರ್ಕಾರ ಮೊದಲು ಹಣ ಹಾಕಿ, ಆಮೇಲೆ ನಾಡು ಬೆಳೆಯಲೆಂದು ಕಾದ ಕತೆ ಈ ಗುಬ್ಬಿಯ ದಾರಿಯಲ್ಲೇ ಒಮ್ಮೆ ನಡೆದಿದೆ. 1876ರಿಂದ 78ರ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತತ್ತರಿಸಿತು. 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿ ಬಂದಾಗ ಅದರ ಜೊತೆಗೆ ಸುಮಾರು 80 ಲಕ್ಷ ರೂಪಾಯಿಯ ಸಾಲವೂ ಬಂದಿತು. ಅಂಥ ಸ್ಥಿತಿಯಲ್ಲಿಯೂ ದಿವಾನ್ ರಂಗಾಚಾರ್ಲು ಅವರು, ಅವರ ತರುವಾಯ ಶೇಷಾದ್ರಿ ಅಯ್ಯರ್ ಅವರು, ರೈಲು ದಾರಿಯನ್ನು ಕೈಬಿಡಲಿಲ್ಲ. ಮುಂದಿನ ಬರಗಾಲದಲ್ಲಿ ಧಾನ್ಯ ಸಾಗಿಸಲು ರೈಲು ಬೇಕೇ ಬೇಕು ಎಂಬುದು ಕ್ಷಾಮ ಕಲಿಸಿದ ಪಾಠ. 1884ರ ಹೊತ್ತಿಗೆ ಮೈಸೂರಿನಿಂದ ಬೆಂಗಳೂರು, ತುಮಕೂರುಗಳ ಮೇಲೆ ಹಾದು ಗುಬ್ಬಿಯವರೆಗೆ ಸುಮಾರು 140 ಮೈಲಿ ಹಳಿ ಬಿದ್ದಿತ್ತು. ಗುಬ್ಬಿಯ ನಾಟಕ ಕಂಪನಿ ಹುಟ್ಟಿದುದೂ ಅದೇ 1884ರಲ್ಲಿ. ಕಾಕತಾಳೀಯವಾದರೂ ನೆನೆಯಲು ಸೊಗಸಾದದ್ದು.

ಮುಂದೇನಾಯಿತು? ಆದಾಯದಿಂದಲೇ ಹಳಿ ಹಾಕುತ್ತ ಹೋಗಲು ಖಜಾನೆಗೆ ಶಕ್ತಿ ಸಾಲಲಿಲ್ಲ. ಆಗ ಕಟ್ಟಿದ ದಾರಿಯನ್ನೇ ಆಧಾರವಾಗಿಟ್ಟು, ಸದರನ್ ಮರಾಠಾ ರೈಲ್ವೆ ಕಂಪನಿಯ ಮೂಲಕ ಇಂಗ್ಲೆಂಡಿನಲ್ಲಿ ಸಾಲವೆತ್ತಿ, ದಾರಿಯ ನಿರ್ವಹಣೆಯನ್ನು ಆ ಕಂಪನಿಗೆ ವಹಿಸಲಾಯಿತು. ರೈಲು ನಿಲ್ಲಲಿಲ್ಲ, ಮುಂದೆ ಹೋಯಿತು. ಅಡಿಕೆ, ಕೊಬ್ಬರಿಯ ಸೀಮೆಗೆ ದೂರದ ಪೇಟೆಗಳು ಹತ್ತಿರವಾದವು. ಆದರೆ ಕಟ್ಟಿದವರ ಕೈಯಲ್ಲಿ ನಿರ್ವಹಣೆ ಉಳಿಯಲಿಲ್ಲ. ರೈಲಿನಿಂದ ನಾಡಿಗೆ ಆದ ಪ್ರಯೋಜನ ರೈಲಿನ ಟಿಕೆಟ್ಟಿನ ಲೆಕ್ಕಕ್ಕೆ ಪೂರ್ತಿಯಾಗಿ ಬರುವುದಿಲ್ಲ. ಅದು ಊರೂರಿನ ಅಂಗಡಿ, ಮಂಡಿ, ನಿವೇಶನಗಳಲ್ಲಿ ಹರಡಿಹೋಗುತ್ತದೆ. ಸಾಲದ ಕಂತು ಮಾತ್ರ ಒಂದೇ ಕಡೆ ಬಂದು ಕೂರುತ್ತದೆ. ಹರಡಿದ ಪ್ರಯೋಜನದಲ್ಲಿ ಒಂದು ಹಿಡಿಯನ್ನು ಮರಳಿ ತಂದು ಆ ಕಂತಿಗೆ ಸೇರಿಸುವುದು ಹೇಗೆ? ಇದು ಇಂದಿಗೂ ಇರುವ ಸಮಸ್ಯೆ.

ಇದಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ ಒಂದು ಮಾತಿನಲ್ಲಿ ಅಡಗಿದೆ. ಆ ಮಾತು ‘ಬಿತ್ತುವಟ್ಟ.’ ಕರ್ನಾಟಕದ ಶಾಸನಗಳನ್ನು ಓದುವವರಿಗೆ ಇದು ಚಿರಪರಿಚಿತ. ಒಂದು ಕೆರೆಯನ್ನು ಕಟ್ಟಿಸಿದರೆ, ಆ ಕೆರೆಯ ಕೆಳಗಿನ ಗದ್ದೆಯಲ್ಲಿ ಒಂದಿಷ್ಟನ್ನು, ಇಲ್ಲವೆ ಅದರ ಆದಾಯದ ಒಂದು ಪಾಲನ್ನು, ಕೆರೆಯ ಏರಿ ಭದ್ರಪಡಿಸಲು, ಹೂಳು ತೆಗೆಯಲು, ತೂಬು ಸರಿಮಾಡಲು ಮೀಸಲಾಗಿ ಬಿಡುತ್ತಿದ್ದರು. ಕಟ್ಟುಗೊಡಗೆ, ಕೆರೆಗೊಡಗೆ ಎಂಬ ಮಾತುಗಳೂ ಇದೇ ಕುಲಕ್ಕೆ ಸೇರಿದವು. ಬಿ. ಎಲ್. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 12ನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಅಂಥ ಸಂಪುಟಗಳ ಪುಟ ತಿರುವಿದವರಿಗೆ ದಾನ ಕೊಟ್ಟವನ ಬಿರುದಾವಳಿಗಳು ಮೊದಲು ಕಣ್ಣಿಗೆ ಬೀಳುತ್ತವೆ. ಆದರೆ ಬಿರುದುಗಳಿಗಿಂತ ಮುಖ್ಯವಾದದ್ದು ಕೊನೆಗೆ ಬರುವ ಗದ್ದೆಯ ಅಳತೆ.

ಈ ಏರ್ಪಾಡಿನ ಜಾಣತನವನ್ನು ಗಮನಿಸಿ. ಕೆರೆ ಬರುವ ಮುಂಚೆ ಆ ನೆಲ ಬೆದ್ದಲು. ಕೆರೆ ಬಂದ ಮೇಲೆ ಗದ್ದೆ. ಬೆದ್ದಲು ಗದ್ದೆಯಾದ ಏರಿಕೆಯಿಂದಲೇ ಒಂದು ಪಾಲು ಕೆರೆಗೆ ಮರಳುತ್ತದೆ. ಕೆರೆ ಚೆನ್ನಾಗಿದ್ದರೆ ಪಾಲೂ ಚೆನ್ನಾಗಿ ಬರುತ್ತದೆ. ಪಾಲು ಚೆನ್ನಾಗಿ ಬಂದರೆ ಕೆರೆ ಚೆನ್ನಾಗಿರುತ್ತದೆ. ಅರಮನೆಯ ಕಡೆ ಕೈಚಾಚಬೇಕಾಗಿಲ್ಲ. ಕಟ್ಟುವ ದಿನವೇ ಕಾಪಾಡುವ ದಿನದ ಏರ್ಪಾಡು ಮುಗಿದಿರುತ್ತದೆ. ಇಂದಿನ ಹಣಕಾಸು ಪಂಡಿತರು ಭೂಮಿಯ ಮೌಲ್ಯವರ್ಧನೆಯನ್ನು ಹಿಡಿಯುವ ವಿಧಾನವೆಂದು ದೊಡ್ಡ ಗ್ರಂಥಗಳಲ್ಲಿ ಬರೆಯುವುದು ಇದನ್ನೇ.

ಇನ್ನೊಂದು ಮಾತು, ತುಮಕೂರಿನವರ ನಾಲಗೆಯ ಮೇಲೆ ದಿನವೂ ಇರುವುದು: ಅಮಾನಿಕೆರೆ. ಅಮಾನಿ ಎಂದರೆ ಗುತ್ತಿಗೆಗೆ ಕೊಡದೆ ಸರ್ಕಾರವೇ ನೇರವಾಗಿ ನೋಡಿಕೊಳ್ಳುವುದು. ನೌಕರರನ್ನು ಕೆಲಸದಿಂದ ತಡೆದಾಗ ಹೇಳುವ ‘ಅಮಾನತ್ತು’ ಕೂಡ ಇದರ ದಾಯಾದಿಯೇ. ಎರಡಕ್ಕೂ ಮೂಲ, ನಂಬಿ ಒಪ್ಪಿಸಿದ್ದು ಎಂಬ ಅರ್ಥದ ಅರಬ್ಬೀ ಶಬ್ದ. ಹೀಗೆ ಅಮಾನಿಯೆಂದರೆ ನಂಬಿಕೆಯ ಒತ್ತೆ. ಸರ್ಕಾರದ ಕೈಯಲ್ಲಿರುವ ಸಾರ್ವಜನಿಕ ಹಣವೆಲ್ಲ ಆ ಅರ್ಥದಲ್ಲಿ ಅಮಾನಿಯೇ.

ಹೀಗೆ ಯೋಚಿಸಿದವರು ನಮ್ಮವರು ಮಾತ್ರವಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಶೀಘ್ರಲಿಪಿ ಬರೆದುಕೊಳ್ಳುತ್ತಿದ್ದ ಎಬನೀಜರ್ ಹೊವಾರ್ಡ್ ಎಂಬಾತ 1898ರಲ್ಲಿ ಉದ್ಯಾನನಗರಗಳ ವಿಚಾರವಾಗಿ ಒಂದು ಪುಸ್ತಕ ಬರೆದ. ಅದರ ಫಲವಾಗಿ 1903ರಲ್ಲಿ ಲಂಡನ್ನಿನ ಉತ್ತರಕ್ಕೆ ಲೆಚ್‌ವರ್ತ್ ಎಂಬ ಊರು ಹುಟ್ಟಿತು. ಕಾರ್ಖಾನೆ, ಮನೆ, ಅಂಗಡಿ, ಹೊಲ ಎಲ್ಲವೂ ಒಂದೆಡೆ. ನೆಲವನ್ನು ಮಾರಿಬಿಡದೆ ದೀರ್ಘಕಾಲದ ಗೇಣಿಗೆ ಕೊಟ್ಟು, ಬೆಲೆಯ ಏರಿಕೆ ಊರಿಗೇ ಉಳಿಯಬೇಕು ಎಂಬುದು ಆತನ ತತ್ವ. 1960ರ ಸುಮಾರಿಗೆ ಹೊರಗಿನ ಕಂಪನಿಯೊಂದು ಲಾಭಕ್ಕಾಗಿ ಷೇರುಗಳನ್ನು ಕೊಳ್ಳಲು ಬಂದಾಗ ಊರಿನವರು ಎಚ್ಚೆತ್ತರು. ಪಾರ್ಲಿಮೆಂಟು ಕಾನೂನು ಮಾಡಿ 1963ರಲ್ಲಿ ಆ ಆಸ್ತಿಯನ್ನು ಸಾರ್ವಜನಿಕ ನಿಗಮಕ್ಕೆ ಒಪ್ಪಿಸಿತು. 1995ರಿಂದ ಅದು ಒಂದು ಪ್ರತಿಷ್ಠಾನದ ಕೈಯಲ್ಲಿದೆ. ಆದಾಯ ಊರಿಗೇ ಖರ್ಚಾಗುತ್ತದೆ. ಲೆಚ್‌ವರ್ತ್ ಹುಟ್ಟಿದ 1903ರಲ್ಲಿಯೇ ನಮ್ಮ ಮೈಸೂರಿನಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತೆಂಬುದನ್ನೂ ನೆನೆಯಬೇಕು.

ಕಟ್ಟುವ ದಿನ ಕಾಪಾಡುವ ದಿನವನ್ನು ನೆನೆಯದಿದ್ದರೆ ಏನಾಗುತ್ತದೆ? ಬೆಂಗಳೂರಿನ ಕಡೆ ನೋಡಿ. 2005ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ನಗರ ನವೀಕರಣ ಯೋಜನೆಯಲ್ಲಿ ಶಾಂತಿನಗರ, ಯಶವಂತಪುರ, ದೊಮ್ಮಲೂರು, ಕೆಂಗೇರಿ ಮೊದಲಾದ ಹತ್ತು ಕಡೆ ದೊಡ್ಡ ಬಸ್ಸು ಕೇಂದ್ರಗಳು ಎದ್ದವು. ಕೆಳಗೆ ಬಸ್ಸು, ಮೇಲೆ ಅಂಗಡಿ, ಕಚೇರಿ, ಪಕ್ಕದಲ್ಲಿ ವಾಹನ ನಿಲ್ಲಿಸುವ ಮಹಡಿಗಳು. ಬೆಂಗಳೂರಿನಷ್ಟು ದೊಡ್ಡ ನಗರಗಳಿಗೆ ಆ ಯೋಜನೆಯಲ್ಲಿದ್ದ ಕ್ರಮವೆಂದರೆ ಕೇಂದ್ರ ನೂರಕ್ಕೆ 35, ರಾಜ್ಯ 15, ಉಳಿದ 50 ಸ್ಥಳೀಯ ಸಂಸ್ಥೆ. ಮೇಲಿನ ಅಂಗಡಿಗಳ ಬಾಡಿಗೆಯಿಂದ ಕೆಳಗಿನ ಬಸ್ಸುಗಳಿಗೆ ಅನುಕೂಲವಾಗಬೇಕೆಂಬುದು ಆಸೆ. ಬಿತ್ತುವಟ್ಟದ ಆಸೆಯೇ ಸರಿ. ಆದರೆ ಕೆಲವು ಕಡೆ ಮಳಿಗೆಗಳು ಬಹುಕಾಲ ಬಾಡಿಗೆಗೆ ಹೋಗದೆ ಉಳಿದವು. ಕೆರೆ ಕಟ್ಟಿದ್ದಾಯಿತು, ಗದ್ದೆಗೆ ಒಕ್ಕಲು ಬರಲಿಲ್ಲ. ಬರುವ ಬಾಡಿಗೆಯನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಸುಲಭ. ಬಾಡಿಗೆದಾರನನ್ನು ಕರೆತರುವುದು ಕಷ್ಟ.

ಇನ್ನು ನಮ್ಮ ತುಮಕೂರಿಗೇ ಬರೋಣ. 2016ರ ಸೆಪ್ಟೆಂಬರಿನಲ್ಲಿ ತುಮಕೂರು ಸ್ಮಾರ್ಟ್ ಸಿಟಿಗಳ ಪಟ್ಟಿಗೆ ಸೇರಿತು. ಪ್ರತಿ ನಗರಕ್ಕೂ ಕೇಂದ್ರದಿಂದ 500 ಕೋಟಿಯವರೆಗೆ, ರಾಜ್ಯದ ಕಡೆಯಿಂದ ಅಷ್ಟೇ ಎಂಬುದು ಏರ್ಪಾಡು. ರಸ್ತೆಗಳು ಅಗೆದವು, ಮುಚ್ಚಿದವು, ಕ್ರೀಡಾಂಗಣ ಹೊಸದಾಯಿತು, ಬಸ್ಸು ನಿಲ್ದಾಣ ಎದ್ದಿತು, ಅಮಾನಿಕೆರೆಯ ದಡದಲ್ಲಿ ಕೆಲಸ ನಡೆಯಿತು. 2025ರ ಮಾರ್ಚ್ 31ಕ್ಕೆ ಆ ಯೋಜನೆ ದೇಶದಾದ್ಯಂತ ಮುಕ್ತಾಯವಾಯಿತು. ಹಣ ಬರುವುದು ನಿಂತಿತು. ದೀಪ ಉರಿಯುವುದು, ಹುಲ್ಲು ಕತ್ತರಿಸುವುದು, ಒಡೆದ ಕಲ್ಲನ್ನು ಜೋಡಿಸುವುದು ನಿಲ್ಲುವಂತಿಲ್ಲ. ಅದರ ಭಾರ ಕೊನೆಗೆ ಸ್ಥಳೀಯ ಸಂಸ್ಥೆಯ ಮೇಲೆ ಬೀಳುತ್ತದೆ; ಅಂದರೆ ಚಿಕ್ಕಪೇಟೆಯಲ್ಲಿ, ಕ್ಯಾತ್ಸಂದ್ರದಲ್ಲಿ ಮನೆ ಕಂದಾಯ ಕಟ್ಟುವ ನಿಮ್ಮ ಮೇಲೆ. ‘ವಸಂತನರಸಾಪುರದಲ್ಲಿ ಏನಾದರೆ ನಮಗೇನು?’ ಎನ್ನುವವರಿಗೆ ಇದೇ ಉತ್ತರ. ಉಚಿತವಾಗಿ ಬಂದ ಆನೆಗೂ ಮೇವು ನಾವೇ ಹಾಕಬೇಕು.

ಹಣದ ಲೆಕ್ಕದಲ್ಲಿ ಸೇರದ ಇನ್ನೊಂದು ಬಂಡವಾಳವುಂಟು, ಅದು ನೀರು. ನಮ್ಮ ಜಿಲ್ಲೆಗೆ ಹೇಮಾವತಿಯ ನಾಲೆಯೇ ಜೀವ. ಆ ನಾಲೆಯಿಂದ ಕುಣಿಗಲ್ ಕಡೆಗೆ ನೇರವಾಗಿ ನೀರೊಯ್ಯುವ ಲಿಂಕ್ ಕೆನಾಲಿನ ವಿಚಾರವಾಗಿ 2024ರಲ್ಲಿಯೂ 2025ರಲ್ಲಿಯೂ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆಗಳಾದವು. ನಾಲೆಯ ಕೊನೆಯಲ್ಲಿರುವ ಕುಣಿಗಲ್ಲಿನವರು, ನಮ್ಮ ಪಾಲಿನ ನೀರು ನಮ್ಮನ್ನು ಮುಟ್ಟುವುದಿಲ್ಲ ಎನ್ನುತ್ತಾರೆ. ನಡುವಿನವರು, ನಮ್ಮ ಪಾಲು ನಮ್ಮನ್ನು ಬಿಟ್ಟು ಹೋಗುತ್ತದೆ ಎನ್ನುತ್ತಾರೆ. ಇಬ್ಬರದೂ ಬಾಯಾರಿಕೆಯೇ. ನಾನಿಲ್ಲಿ ತೀರ್ಪು ಹೇಳಲು ಹೊರಟಿಲ್ಲ. ಅಣ್ಣತಮ್ಮಂದಿರಂತಿರುವ ಎರಡು ತಾಲ್ಲೂಕುಗಳ ನಡುವೆಯೇ ನೀರಿನ ಪಾಲು ಇಷ್ಟು ಕಷ್ಟವಾದರೆ, ಸಾವಿರಾರು ಎಕರೆಯ ಹೊಸ ಊರು ಎಲೆ ಹಾಕಿಕೊಂಡು ಕುಳಿತಾಗ ಅದಕ್ಕೆ ಎಷ್ಟು ನೀರು, ಎಲ್ಲಿಂದ, ಬಳಸಿದ ನೀರನ್ನು ಎಷ್ಟು ಸಲ ತಿರುಗಿ ಬಳಸುವುದು ಎಂಬುದನ್ನು ರೂಪಾಯಿಯ ಪಕ್ಕದಲ್ಲೇ ಒಂದು ಕಲಮಾಗಿ ಬರೆಯಬೇಕೆಂಬುದಷ್ಟೇ ನನ್ನ ಮಾತು.

ಭೂಮಿ ಕೊಟ್ಟವನನ್ನೂ ಮರೆಯಬಾರದು. ಅವನಿಗೆ ಒಮ್ಮೆ ಹಣ ಕೊಟ್ಟು ಕೈ ತೊಳೆದುಕೊಳ್ಳುವುದು ಒಂದು ದಾರಿ. ಏರಿಕೆಯಲ್ಲಿ ಅವನಿಗೂ ಪಾಲು ಕೊಡುವುದು ಇನ್ನೊಂದು ದಾರಿ. ಆಂಧ್ರದ ಅಮರಾವತಿಯಲ್ಲಿ 2015ರಲ್ಲಿ ಈ ಎರಡನೆಯ ದಾರಿಯನ್ನು ಹಿಡಿದರು. ರೈತರು 33,000 ಎಕರೆಗಿಂತ ಹೆಚ್ಚು ಭೂಮಿಯನ್ನು ಒಟ್ಟುಗೂಡಿಸಿ ಕೊಟ್ಟರು. ಪ್ರತಿಯಾಗಿ ಅಭಿವೃದ್ಧಿಯಾದ ನಿವೇಶನಗಳನ್ನೂ ಹತ್ತು ವರ್ಷ ವರ್ಷಾಶನವನ್ನೂ ಕೊಡುವುದಾಗಿ ಒಪ್ಪಂದ. 2019ರಲ್ಲಿ ಸರ್ಕಾರ ಬದಲಾಯಿತು, ಕೆಲಸ ನಿಂತಿತು, ನಿವೇಶನಗಳಲ್ಲಿ ಗಿಡಗಂಟಿ ಬೆಳೆಯಿತು. 2024ರಲ್ಲಿ ಮತ್ತೆ ಸರ್ಕಾರ ಬದಲಾದ ಮೇಲೆ ಕೆಲಸಕ್ಕೆ ಮತ್ತೆ ಚಾಲನೆ ಸಿಕ್ಕಿತು. ಪಾಲುದಾರನಾದವನು ಲಾಭಕ್ಕೆ ಹೇಗೋ ಹಾಗೆಯೇ ಕಾಯುವುದಕ್ಕೂ ಪಾಲುದಾರ. ಆದುದರಿಂದ ರೈತನಿಗೆ ಎರಡೂ ಬೇಕು: ಇಂದಿನ ಜೀವನಕ್ಕೆ ನಗದು, ನಾಳೆಯ ಏರಿಕೆಯಲ್ಲಿ ಒಂದು ಪಾಲು.

ಹಾಗಾದರೆ ನಮ್ಮಂಥ ಸಾಮಾನ್ಯರು ಮಾಡಬೇಕಾದುದೇನು? ಯೋಜನೆ ಬೇಡವೆನ್ನುವುದಲ್ಲ. ನಮ್ಮ ಹುಡುಗರು ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಹಿಂತಿರುಗುವುದನ್ನು ದಿನವೂ ನೋಡುವ ನಮಗೆ ಇಲ್ಲಿಯೇ ಕೆಲಸ ಸಿಗಲೆಂಬ ಆಸೆ ಯಾರಿಗಿಂತಲೂ ಕಡಿಮೆಯದಲ್ಲ. ಮಾಡಬೇಕಾದುದು, ಕೇಳಬೇಕಾದುದನ್ನು ಕೇಳುವುದು. ಪ್ರತಿ ವರ್ಷ ಎಷ್ಟು ಎಕರೆ ಹಂಚಿಕೆಯಾಯಿತು, ಯಾವ ಬೆಲೆಗೆ, ಕೊಂಡವರು ಎಷ್ಟು ಮಂದಿಗೆ ಕೆಲಸ ಕೊಟ್ಟರು? ಹಂಚಿಕೆಯಿಂದ ಬಂದ ಹಣದಲ್ಲಿ ಊರಿನ ಮುಂದಿನ ದುರಸ್ತಿಗೆಂದು ತೆಗೆದಿಟ್ಟ ಬಿತ್ತುವಟ್ಟವೆಷ್ಟು? ಭೂಮಿ ಕಳೆದುಕೊಂಡ ಗ್ರಾಮಪಂಚಾಯಿತಿಗಳಿಗೆ ಹೊಸ ಊರಿನ ತೆರಿಗೆಯಲ್ಲಿ ಪಾಲುಂಟೆ, ಅಥವಾ ಧೂಳು ಮಾತ್ರವೆ? ಕಾರ್ಖಾನೆಗೆ ಜಾಗ ಸಿಕ್ಕಂತೆ ಅಲ್ಲಿ ದುಡಿಯುವವನ ಮನೆಗೂ ಜಾಗ ಸಿಕ್ಕಿತೆ?

ಇವನ್ನು ಕೇಳಲು ಪಂಡಿತನಾಗಬೇಕಿಲ್ಲ. ಸರ್ಕಾರದ ಒಡೆತನ, ಹಿಡಿತ ಅಥವಾ ಗಣನೀಯ ಹಣವಿರುವ ಸಂಸ್ಥೆ ಉತ್ತರ ಕೊಡಲು ಬದ್ಧವೆಂದು 2005ರ ಮಾಹಿತಿ ಹಕ್ಕು ಕಾಯಿದೆ ಹೇಳುತ್ತದೆ. ಸರ್ಕಾರಿ ಕಂಪನಿಗಳ ಲೆಕ್ಕ ಮಹಾಲೇಖಪಾಲರ ತಪಾಸಣೆಗೆ ಒಳಪಡುತ್ತದೆ. ಆ ವರದಿಗಳು ವಿಧಾನಮಂಡಲದ ಮುಂದೆ ಬರುತ್ತವೆ. ಗ್ರಾಮಸಭೆಯಿದೆ, ಶಾಸಕರಿದ್ದಾರೆ. ಒಂದು ಕಾಗದ, ಹತ್ತು ರೂಪಾಯಿ, ಸ್ವಲ್ಪ ತಾಳ್ಮೆ, ಇಷ್ಟಿದ್ದರೆ ಸಾಕು. ಒಬ್ಬರು ಕೇಳಿದರೆ ಅರ್ಜಿ. ಹತ್ತು ಮನೆಯವರು ಪ್ರತಿ ವರ್ಷ ಕೇಳಿದರೆ ಅದು ವಾಡಿಕೆಯಾಗುತ್ತದೆ, ವಾಡಿಕೆಯಾದುದನ್ನು ಯಾವ ಕಚೇರಿಯೂ ಸುಲಭವಾಗಿ ತಪ್ಪಿಸಲಾರದು.

ಹಳೆಯ ಕೆರೆಗಳಲ್ಲಿ ಎಷ್ಟೋ ಒಡೆದುಹೋಗಿವೆ. ಕಟ್ಟಿದವರಲ್ಲಿ ಶಕ್ತಿಯಿರಲಿಲ್ಲವೆಂದಲ್ಲ, ಒಂದು ಕಾಲದಲ್ಲಿ ಬಿತ್ತುವಟ್ಟದ ಗದ್ದೆಯನ್ನು ಯಾರೋ ಒಳಗೆ ಹಾಕಿಕೊಂಡರು, ಯಾರೂ ಕೇಳಲಿಲ್ಲ, ಹೂಳು ತುಂಬಿತು. ಹೊಸ ಊರಿಗೆ ಇನ್ನೂ ಹೂಳು ತುಂಬಿಲ್ಲ. ಅದರ ಲೆಕ್ಕದ ಪುಸ್ತಕದ ಮೊದಲ ಪುಟಗಳು ಈಗ ಬರೆಯಲ್ಪಡುತ್ತಿವೆ. ಕೇಳುವುದಾದರೆ ಕಾಲ ಇದೇ.